ಡಾರ್ಜಿಲಿಂಗ್ ಜಾಯ್‌ರೈಡ್: ಕಪ್ಪು ಹೊಗೆಗೆ ಚಪ್ಪಾಳೆ ತಟ್ಟಬೇಡಿ

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಹೋಗಿ ಬರುವ ಹಬೆ ಎಂಜಿನ್ನಿನ ಜಾಯ್‌ರೈಡ್‌ಗೆ ಐದಕ್ಕೆ ನಾಲ್ಕು. ಅದೇ ದಾರಿಯ ಡೀಸೆಲ್ ಎಂಜಿನ್ನಿನ ರೈಡ್‌ಗೆ ಎರಡು, ಅದೂ ಬೆಟ್ಟ ಚೆನ್ನಾಗಿದೆ ಅನ್ನೋ ಕಾರಣಕ್ಕೆ. ಬೆಟ್ಟ ನೋಡೋಕೆ ಜೀಪಿನಲ್ಲೂ ಹೋಗಬಹುದು. ಇಲ್ಲಿಗೆ ಬರುವುದು ಎಂಜಿನ್ ನೋಡೋಕೆ. ಎಂಜಿನ್ ನೋಡುವುದು ಅಂದ್ರೆ ನನ್ನ ಪ್ರಕಾರ ಚಿಮಣಿ ನೋಡುವುದು. ಒಳಗೆ ಬೆಂಕಿ ಹೇಗೆ ಉರಿಯುತ್ತಿದೆ, ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್‌ನ ಕೈ ಎಷ್ಟು ಪಳಗಿದೆ, ಕಲ್ಲಿದ್ದಲು ಎಂಥದ್ದು, ಎಲ್ಲವೂ ಅಲ್ಲಿ ಬಣ್ಣದಲ್ಲಿ ಕಾಣುತ್ತದೆ. ಈ ರಿವ್ಯೂ ಬಹುಪಾಲು ಅದರ ಬಗ್ಗೆಯೇ. ಹೋಟೆಲ್, ಮೊಮೊ, ಟೈಗರ್ ಹಿಲ್ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಟಿಕೆಟ್ ವಿಷಯ ಬೇಗ ಮುಗಿಸುತ್ತೇನೆ. ಐಆರ್‌ಸಿಟಿಸಿಯಲ್ಲೇ ಬುಕ್ ಮಾಡಬಹುದು. ಹಬೆ ಎಂಜಿನ್ನಿನದು ಡೀಸೆಲ್‌ಗಿಂತ ಜಾಸ್ತಿ ದುಡ್ಡು. ಹೋಗಿ ಬರೋಕೆ ಸುಮಾರು ಎರಡು ಗಂಟೆ, ನಡುವೆ ಬತಾಸಿಯಾ ಲೂಪ್‌ನಲ್ಲಿ ಹತ್ತು ನಿಮಿಷ, ಘೂಮ್‌ನಲ್ಲಿ ಇನ್ನೊಂದಿಷ್ಟು ಹೊತ್ತು ನಿಲ್ಲುತ್ತದೆ. ಬುಕ್ ಮಾಡುವಾಗ ಯಾವ ಎಂಜಿನ್ ಅಂತ ಎರಡು ಸಲ ನೋಡಿಕೊಳ್ಳಿ. ಪೇಟೆಯ ಒಬ್ಬ ಟ್ರಾವೆಲ್ ಏಜೆಂಟ್ ನಮಗೆ ಡೀಸೆಲ್ ಟಿಕೆಟ್ ದಾಟಿಸೋಕೆ ನೋಡಿದ. "ಎರಡೂ ಟಾಯ್ ಟ್ರೇನೇ ಸರ್, ಏನೂ ವ್ಯತ್ಯಾಸ ಇಲ್ಲ" ಅಂದ. ನನ್ನ ಜೊತೆ ಬಂದಿದ್ದ ಚಿಕ್ಕಪ್ಪ ಅವನನ್ನು ನೋಡಿದ ನೋಟಕ್ಕೆ ಅವನು ಬ್ರೋಷರ್ ಮಡಚಿ ಒಳಗಿಟ್ಟ.

ಚಿಕ್ಕಪ್ಪ ಮೀಟರ್‌ಗೇಜ್ ಕಾಲದಲ್ಲಿ ಅರಸೀಕೆರೆ ಕಡೆ ಫೈರ್‌ಮನ್ ಆಗಿದ್ದವರು. ಸಲಿಕೆ ಹಿಡಿದೇ ಸಂಸಾರ ಸಾಕಿದವರು. ಹಾಗಾಗಿ ಮುಂದೆ ಹೇಳುವುದರಲ್ಲಿ ಅರ್ಧ ಅವರ ಮಾತು, ಉಳಿದರ್ಧ ನಾನು ಆಮೇಲೆ ಓದಿ ತಿಳಿದುಕೊಂಡಿದ್ದು.

ಎಂಜಿನ್ ಬಗ್ಗೆ ಒಂದೆರಡು ಮಾತು. ಇಲ್ಲಿ ಓಡುವುದು ಬಿ ಕ್ಲಾಸ್ ಅನ್ನುವ ಪುಟಾಣಿ. 1889ರಲ್ಲಿ ಗ್ಲಾಸ್ಗೋದ ಶಾರ್ಪ್ ಸ್ಟೀವರ್ಟ್ ಕಂಪನಿ ಮೊದಲು ಮಾಡಿದ ವಿನ್ಯಾಸ. 1920ರ ದಶಕದವರೆಗೆ ಒಟ್ಟು 34 ಎಂಜಿನ್ ಬಂದವು, ಕೆಲವು ಇಲ್ಲೇ ಕೆಳಗಿರುವ ತಿಂಧಾರಿಯಾ ವರ್ಕ್‌ಶಾಪ್‌ನಲ್ಲೇ ತಯಾರಾದವು. ಹಳಿಯ ಅಗಲ 610 ಮಿಲಿಮೀಟರ್, ಅಂದ್ರೆ ಎರಡಡಿ. ನಾಲ್ಕೇ ಚಕ್ರ. ನೀರಿನ ಟ್ಯಾಂಕ್ ಬಾಯ್ಲರ್ ಬೆನ್ನ ಮೇಲೆ ಕೂತಿದೆ. ಇಷ್ಟು ಚಿಕ್ಕ ಎಂಜಿನ್ನಿಗೆ ಎಷ್ಟು ಜನ ಗೊತ್ತಾ? ಡ್ರೈವರ್, ಫೈರ್‌ಮನ್, ಕಲ್ಲಿದ್ದಲಿನ ರಾಶಿ ಮೇಲೆ ಕೂತು ಸುತ್ತಿಗೆಯಲ್ಲಿ ಒಡೆಯುವವನೊಬ್ಬ, ಇದು ಸಾಲದು ಅಂತ ಮುಂದಿನ ಬಫರ್ ಮೇಲೆ ಕೂತು ಹಳಿಗೆ ಮರಳು ಉದುರಿಸೋಕೆ ಇಬ್ಬರು. ಈ ಕಲ್ಲಿದ್ದಲು ಒಡೆಯುವವನ ಮೇಲೆ ಒಂದು ಕಣ್ಣಿಡಿ. ಹೊಗೆಯ ಕಥೆ ಅವನ ಸುತ್ತಿಗೆಯಿಂದಲೇ ಶುರು.

ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಸ್ಟೇಷನ್ನಿಗೆ ಹೋಗಿ. ಶೆಡ್ ಹತ್ತಿರದಲ್ಲೇ ಇದೆ. ಬೆಂಕಿ ಇನ್ನೂ ಪೂರ್ತಿ ಏರದ ಎಂಜಿನ್ ಅಲ್ಲಿ ನಿಂತಿದ್ದರೆ ಅದರ ಚಿಮಣಿಯಿಂದ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ, ಹಳದಿ ಮಿಶ್ರಿತ ಕಂದು ಬಣ್ಣದ ಹೊಗೆ ದಪ್ಪಗೆ, ಸೋಮಾರಿಯಾಗಿ ಏಳುತ್ತಿರುತ್ತದೆ. ನಮ್ಮ ಕಡೆ ಹಂಡೆ ಒಲೆಗೆ ಹಸಿ ಸೌದೆ ತುರುಕಿದರೆ ಬರುತ್ತಲ್ಲ, ಆ ಥರದ್ದು. ಕಲ್ಲಿದ್ದಲು ಬಿಸಿಯಾದಾಗ ಮೊದಲು ಅದರೊಳಗಿನ ಅನಿಲ, ಟಾರ್ ಎಲ್ಲ ಹೊರಗೆ ಬರುತ್ತವೆ. ಅವು ಹೊತ್ತಿಕೊಳ್ಳುವಷ್ಟು ಬಿಸಿ ಫೈರ್‌ಬಾಕ್ಸ್‌ನಲ್ಲಿ, ಅಂದ್ರೆ ಎಂಜಿನ್ನಿನ ಒಲೆಯಲ್ಲಿ, ಇಲ್ಲದಿದ್ದರೆ ಹಾಗೇ ಹಸಿಹಸಿಯಾಗಿ ಚಿಮಣಿಯಿಂದ ಹೋಗುತ್ತವೆ. ಬೆಳಿಗ್ಗೆ ಬೆಂಕಿ ಹಾಕುವಾಗ ಇದು ತಪ್ಪಿದ್ದಲ್ಲ. ಆದರೆ ಓಡುತ್ತಿರುವ ಎಂಜಿನ್ನಿನಲ್ಲಿ ಈ ಬಣ್ಣ ಕಂಡರೆ ಬೆಂಕಿ ಮಂಕಾಗಿದೆ, ಮಂಕಾದ ಬೆಂಕಿಯ ಮೇಲೆ ಯಾರೋ ಮತ್ತಷ್ಟು ಕಲ್ಲಿದ್ದಲು ಸುರಿದಿದ್ದಾರೆ ಅಂತ ಅರ್ಥ. ಆ ಹೊಗೆಗೆ ಒಂದು ಕಟು ವಾಸನೆಯೂ ಇರುತ್ತದೆ, ಗಂಟಲಿಗೆ ಹಿಡಿಯುತ್ತದೆ.

ಹೊರಡುವಾಗ ಎಲ್ಲರೂ ಮೊಬೈಲ್ ಎತ್ತುತ್ತಾರೆ. ಎಂಜಿನ್ನಿನ ಪಕ್ಕದಿಂದ ಬುಸ್ ಅಂತ ಬೆಳ್ಳಗೆ ಚಿಮ್ಮುತ್ತದೆ, ಪ್ಲಾಟ್‌ಫಾರ್ಮ್ ಮುಚ್ಚಿಹೋಗುತ್ತದೆ. "ಎಷ್ಟು ಹೊಗೆ!" ಅಂತ ನಮ್ಮ ಪಕ್ಕದವರು ಮೂಗು ಮುಚ್ಚಿಕೊಂಡರು. ಅದು ಹೊಗೆಯೇ ಅಲ್ಲ. ಹಬೆಯ ಬಲದಿಂದ ಚಕ್ರ ತಿರುಗಿಸುವ ಸಿಲಿಂಡರ್‌ನಲ್ಲಿ ಹಬೆ ತಣ್ಣಗಾಗಿ ನಿಂತ ನೀರನ್ನು ಹೊರಗೆ ಹಾಕೋಕೆ ಡ್ರೈವರ್ ಕೆಳಗಿನ ನಲ್ಲಿ ತೆರೆದಿರುತ್ತಾನೆ, ಹಬೆ ನೀರಿನ ಜೊತೆ ಬರುತ್ತದೆ ಅಷ್ಟೇ. ಚಿಮಣಿಯಿಂದ ಬರುವ ಬಿಳಿಯೂ ಹೆಚ್ಚಿನ ಪಾಲು ಇದೇ. ಸಿಲಿಂಡರ್‌ನಲ್ಲಿ ಕೆಲಸ ಮುಗಿಸಿದ ಹಬೆಯನ್ನು ಚಿಮಣಿಯ ಬುಡದಲ್ಲಿ ಮೇಲಕ್ಕೆ ಊದುತ್ತಾರೆ, ಅದು ತನ್ನ ಜೊತೆ ಬೆಂಕಿಯ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಛುಕ್ ಛುಕ್ ಸದ್ದು ಹುಟ್ಟುವುದೂ ಅಲ್ಲೇ, ಬೆಂಕಿಗೆ ಗಾಳಿ ಸಿಗುವುದೂ ಅದರಿಂದಲೇ. ಡಾರ್ಜಿಲಿಂಗ್ ಎರಡು ಸಾವಿರ ಮೀಟರ್ ಎತ್ತರದಲ್ಲಿದೆ, ಚಳಿ ಜಾಸ್ತಿ, ಗಾಳಿ ಒದ್ದೆ. ಈ ಎಂಜಿನ್ನಿಗೆ ಹಬೆಯನ್ನು ಇನ್ನಷ್ಟು ಕಾಯಿಸಿ ಒಣಗಿಸುವ ಸೂಪರ್‌ಹೀಟರ್ ಬೇರೆ ಇಲ್ಲ, ಹಬೆ ಮೊದಲೇ ತೇವ. ಹಾಗಾಗಿ ಬಿಳಿ ಮೋಡ ದೊಡ್ಡದಾಗಿ ಕಾಣುತ್ತದೆ. ಹಬೆಯೋ ಹೊಗೆಯೋ ಗೊತ್ತಾಗಬೇಕಾದರೆ ಬಾಲ ನೋಡಿ. ಹಬೆಯಾದರೆ ಸ್ವಲ್ಪ ದೂರ ಹೋಗಿ ಕರಗಿಹೋಗುತ್ತದೆ. ಹೊಗೆಯಾದರೆ ಕೊಳೆ ಬಣ್ಣದಲ್ಲಿ ಕಣಿವೆ ತನಕ ತೇಲುತ್ತದೆ. ಬಿಳಿ ಕರಗಿದ ಮೇಲೆ ಏನು ಉಳಿಯಿತೋ ಅದು ಬೆಂಕಿಯ ಹೊಗೆ, ಬಣ್ಣ ಓದಬೇಕಾದ್ದು ಅದನ್ನು.

ಪೇಟೆ ದಾಟಿ ಹಿಲ್ ಕಾರ್ಟ್ ರಸ್ತೆ ಪಕ್ಕ ಏರು ಶುರುವಾಗುತ್ತದೆ. ಅಂಗಡಿಗಳ ಬಾಗಿಲಿಗೆ ತಾಗಿಕೊಂಡೇ ಹೋಗುತ್ತದೆ. ಕೈ ಹೊರಗೆ ಹಾಕಬೇಡಿ. ತಿರುವು ಬಂದಾಗೆಲ್ಲ ಎಂಜಿನ್ ಪೂರ್ತಿ ಕಾಣುತ್ತದೆ. ಇಲ್ಲೇ ಚಿಕ್ಕಪ್ಪ ನನ್ನ ಮೊಣಕೈ ತಿವಿದರು. "ಲೋ, ಚಿಮಣಿ ನೋಡ್ತಾ ಇರು. ಈಗ ಕಪ್ಪಾಗತ್ತೆ ನೋಡು."

ಕಪ್ಪಾಯಿತು. ಒಂದು ಉಸಿರು, ಎರಡು ಉಸಿರು, ಗಾಢ ಕಪ್ಪು. ಆಮೇಲೆ ಬೂದು. ಹತ್ತು ಹದಿನೈದು ಛುಕ್ ಆಗುವಷ್ಟರಲ್ಲಿ ತೆಳು ಬೂದು, ಹಿಂದಿನ ಪೈನ್ ಮರ ಅದರೊಳಗಿಂದ ಕಾಣುವಷ್ಟು. ಸ್ವಲ್ಪ ಹೊತ್ತಿಗೆ ಮತ್ತೆ ಕಪ್ಪು, ಮತ್ತೆ ತೆಳು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ಎಣಿಸುತ್ತಿದ್ದರು, ಸರಿಯಾಗಿ ಕಪ್ಪಾಗುವ ಹೊತ್ತಿಗೆ "ಹಾಕ್ದ" ಅನ್ನುತ್ತಿದ್ದರು. ಎಂಜಿನ್ನಿನ ಒಳಗೆ ನಾವು ಯಾರೂ ಇಣುಕಿರಲಿಲ್ಲ. ಆದರೂ ಒಬ್ಬ ಮನುಷ್ಯ ಸಲಿಕೆ ಎತ್ತುವುದು, ಬಾಗಿಲು ತೆಗೆಯುವುದು, ಎಸೆಯುವುದು, ಮುಚ್ಚುವುದು ಎಲ್ಲ ಆಕಾಶದಲ್ಲಿ ಕಾಣುತ್ತಿತ್ತು. ನನಗೆ ಟಿಕೆಟ್ ದುಡ್ಡು ವಸೂಲಾಗಿದ್ದು ಅಲ್ಲಿ.

ಯಾಕೆ ಹೀಗಾಗುತ್ತದೆ? ಹೊಸ ಕಲ್ಲಿದ್ದಲು ಬಿದ್ದ ತಕ್ಷಣ ಒಮ್ಮೆಗೇ ಅನಿಲ ಹೊರಬರುತ್ತದೆ. ಅದು ಉರಿಯೋಕೆ ಬೆಂಕಿ ಕೂತಿರುವ ಕೆಳಗಿನ ಕಬ್ಬಿಣದ ಜಾಲರಿಯಿಂದ ಬರುವ ಗಾಳಿ ಸಾಲದು, ಬೆಂಕಿಯ ಮೇಲ್ಗಡೆಯೂ ಗಾಳಿ ಬೇಕು. ಅದಕ್ಕೇ ಬಲ್ಲ ಫೈರ್‌ಮನ್ ಕಲ್ಲಿದ್ದಲು ಹಾಕಿದ ಮೇಲೆ ಬಾಗಿಲನ್ನು ಒಂದಿಷ್ಟು ಹೊತ್ತು ಸಂದು ಬಿಟ್ಟಿರುತ್ತಾನೆ. ಗಾಳಿ ಸಾಲದಿದ್ದರೆ ಅನಿಲದೊಳಗಿನ ಕಾರ್ಬನ್ ಉರಿಯದೆ ಪುಡಿಪುಡಿಯಾಗಿ ಹೊರಗೆ ಬರುತ್ತದೆ. ಅದೇ ಕಪ್ಪು. ಪ್ರತಿ ಸಲ ಹಾಕಿದಾಗ ಎರಡು ಉಸಿರು ಕಪ್ಪು ಬಂದು ತಿಳಿಯಾದರೆ ಅದು ಒಳ್ಳೆ ಕೆಲಸ. ಸ್ವಲ್ಪ ಸ್ವಲ್ಪ, ಆಗಾಗ, ಬೆಂಕಿ ಬೆಳ್ಳಗೆ ಉರಿಯುತ್ತಿರುವ ಜಾಗ ನೋಡಿ ಹಾಕಬೇಕು. ಒಂದೇ ಸಲ ಹತ್ತು ಸಲಿಕೆ ತುಂಬಿ ಕೂತರೆ ಕಿಲೋಮೀಟರುಗಟ್ಟಲೆ ಕಪ್ಪು ಬರುತ್ತಲೇ ಇರುತ್ತದೆ, ಹಬೆಯ ಒತ್ತಡ ತೋರಿಸುವ ಮುಳ್ಳು ಮಾತ್ರ ಕೆಳಗೆ ಬರುತ್ತದೆ. ಸುತ್ತಿಗೆಯವನ ಕೆಲಸ ಇಲ್ಲಿ ಮುಖ್ಯ. ಮುಷ್ಟಿ ಗಾತ್ರಕ್ಕೆ ಒಡೆದರೆ ಸಮನಾಗಿ ಹರಡುತ್ತದೆ. ಪುಡಿ ಜಾಸ್ತಿಯಾದರೆ ಬೆಂಕಿ ಉಸಿರುಗಟ್ಟುತ್ತದೆ, ಅರ್ಧ ಪುಡಿ ಉರಿಯುವ ಮುಂಚೆಯೇ ಚಿಮಣಿಯಿಂದ ಹಾರಿ ನಮ್ಮ ತಲೆ ಮೇಲೆ ಬೀಳುತ್ತದೆ. ದೊಡ್ಡ ಗಟ್ಟಿ ಹಾಗೇ ಹಾಕಿದರೆ ಸುತ್ತ ಸಂದು ಉಳಿದು ಅಲ್ಲಿಂದ ತಣ್ಣನೆ ಗಾಳಿ ನುಗ್ಗುತ್ತದೆ.

ಬೋಗಿಯಲ್ಲಿ ಎಲ್ಲರೂ ಕಪ್ಪು ಹೊಗೆ ಬಂದಾಗಲೇ ಓಹೋ ಅಂತ ಕೂಗುತ್ತಿದ್ದರು. ಫೋಟೋಗೆ ಅದೇ ಚೆಂದ, ಒಪ್ಪುತ್ತೇನೆ. ಎಷ್ಟೋ ದೇಶಗಳಲ್ಲಿ ಹಳೆ ಎಂಜಿನ್ ಓಡಿಸುವವರು ಕ್ಯಾಮೆರಾ ಕಂಡಾಗ ಬೇಕಂತಲೇ ಒಂದು ಸಲಿಕೆ ಜಾಸ್ತಿ ಹಾಕಿ ಬಾಗಿಲು ಮುಚ್ಚುತ್ತಾರಂತೆ. ಚಿಕ್ಕಪ್ಪನಿಗೆ ಇದು ಕೇಳಿದರೇ ಸಿಟ್ಟು. "ಅದು ಕಲ್ಲಿದ್ದಲು ಕಣೋ, ಆಕಾಶಕ್ಕೆ ಎಸೆಯೋಕೆ ಕೊಟ್ಟಿದ್ರಾ?" ಅಂದರು. ಕಲ್ಲಿದ್ದಲು ಹೋಗುವುದಷ್ಟೇ ಅಲ್ಲ. ಆ ಮಸಿ ನೀರಿನ ನಡುವೆ ಬೆಂಕಿಯ ಬಿಸಿಗಾಳಿ ಹಾಯುವ ಬಾಯ್ಲರ್ ಟ್ಯೂಬಿನ ಒಳಮೈಗೆ ಹತ್ತುತ್ತದೆ. ಮಸಿ ಶಾಖ ದಾಟಲು ಬಿಡುವುದಿಲ್ಲ. ನೀರು ಕಾಯೋಕೆ ಇನ್ನೂ ಜಾಸ್ತಿ ಕಲ್ಲಿದ್ದಲು ಬೇಕಾಗುತ್ತದೆ.

ಹಾಗಾದ್ರೆ ಹೊಗೆಯೇ ಇಲ್ಲದಿದ್ದರೆ ಬೆಸ್ಟ್ ಅಲ್ವಾ? ನಾನೂ ಇದನ್ನೇ ಕೇಳಿದೆ. ಅಲ್ಲವಂತೆ. ಏರುದಾರಿಯಲ್ಲಿ ಎಂಜಿನ್ ಕಷ್ಟಪಟ್ಟು ಎಳೆಯುತ್ತಿರುವಾಗ ಚಿಮಣಿ ಪೂರ್ತಿ ತಿಳಿಯಾಗಿದ್ದರೆ ಎರಡರಲ್ಲೊಂದು. ಬೆಂಕಿ ತೆಳುವಾಗಿ ಎಲ್ಲೋ ತೂತು ಬಿದ್ದಿದೆ, ಬೇಕಾದ್ದಕ್ಕಿಂತ ಜಾಸ್ತಿ ತಣ್ಣನೆ ಗಾಳಿ ಒಳಗೆ ಬಂದು ಶಾಖವನ್ನು ಹೊತ್ತುಕೊಂಡು ಹೋಗುತ್ತಿದೆ. ಇಲ್ಲವೇ ಬೆಂಕಿ ತುಂಬಾ ದಪ್ಪವಾಗಿ ಕಾರ್ಬನ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆಗಿ ಹೋಗುತ್ತಿದೆ. ಅದಕ್ಕೆ ಬಣ್ಣವೇ ಇಲ್ಲ. ಒಂದು ಕಿಲೋ ಕಾರ್ಬನ್ ಪೂರ್ತಿ ಉರಿದರೆ ಸುಮಾರು 33 ಮೆಗಾಜೂಲ್ ಶಾಖ ಸಿಗುತ್ತದೆ, ಅರ್ಧಕ್ಕೇ ನಿಂತು ಮಾನಾಕ್ಸೈಡ್ ಆದರೆ 10ಕ್ಕಿಂತ ಕಡಿಮೆ. ಮೂರರಲ್ಲಿ ಎರಡು ಪಾಲು ಕಣ್ಣಿಗೆ ಕಾಣದಂತೆ ಲಾಸ್. ಹಾಗಾಗಿ ಫೈರ್‌ಮನ್‌ಗಳು ಗುರಿ ಇಡುವುದು ತೆಳು ಬೂದು ಬಣ್ಣಕ್ಕೆ. ಇದೆಯೋ ಇಲ್ಲವೋ ಅನ್ನುವಷ್ಟು ಮಬ್ಬು. ಗಾಳಿ ಬೇಕಾದಷ್ಟಿದೆ, ಅನಗತ್ಯವಾಗಿ ಇಲ್ಲ ಅಂತ ಅದು ಹೇಳುತ್ತದೆ.

ಬತಾಸಿಯಾ ಬಂತು. ಹಳಿ ತನ್ನ ಮೇಲೆ ತಾನೇ ಸುತ್ತು ಹಾಕಿ ಎತ್ತರ ಏರುವ ಜಾಗ. 1919ರಿಂದ ಇದೆ. ಮಧ್ಯದಲ್ಲಿ ಗೂರ್ಖಾ ಸೈನಿಕರ ಸ್ಮಾರಕ, ಸುತ್ತ ತೋಟ, ಆಕಾಶ ತೆರೆದಿದ್ದರೆ ಎದುರಿಗೆ ಕಾಂಚನಜುಂಗಾ. ನಮಗೆ ಕಂಡಿದ್ದು ಮಂಜು ಮಾತ್ರ. ಎಲ್ಲರೂ ಸೆಲ್ಫಿಗೆ ಓಡಿದರು. ನೀವು ಇಲ್ಲಿ ಎಂಜಿನ್ ನಿಲ್ಲುವ ಕ್ಷಣ ನೋಡಿ. ಡ್ರೈವರ್ ರೆಗ್ಯುಲೇಟರ್, ಅಂದ್ರೆ ಸಿಲಿಂಡರ್‌ಗೆ ಹಬೆ ಬಿಡುವ ಕವಾಟ, ಮುಚ್ಚಿದ ಕೂಡಲೇ ಛುಕ್ ನಿಲ್ಲುತ್ತದೆ. ಛುಕ್ ನಿಂತರೆ ಗಾಳಿ ಎಳೆಯುವವರಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಕಲ್ಲಿದ್ದಲು ಹಾಕಿದ್ದರೆ ಕಪ್ಪು ಹೊಗೆ ಮೇಲೆ ಹೋಗದೆ ಚಿಮಣಿ ಬಾಯಿಂದ ಜೋತುಬಿದ್ದು ಬಾಯ್ಲರ್ ಮೇಲೇ ಉರುಳುತ್ತದೆ. ಆಗ ಫೈರ್‌ಮನ್ ಬ್ಲೋವರ್ ತೆರೆಯುತ್ತಾನೆ, ಅಂದ್ರೆ ಬಾಯ್ಲರ್‌ನಿಂದಲೇ ಹಬೆ ತೆಗೆದು ಚಿಮಣಿಗೆ ಊದುವ ಒಂದು ಕೊಳವೆ. ಸುಯ್ ಅಂತ ಸದ್ದು ಬರುತ್ತದೆ, ಹೊಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಇದು ಬರೀ ಅಂದಕ್ಕಲ್ಲ. ಬ್ಲೋವರ್ ಮರೆತು ರೆಗ್ಯುಲೇಟರ್ ಮುಚ್ಚಿದರೆ ಬೆಂಕಿ ಹಿಂದಕ್ಕೆ, ಬಾಗಿಲಿಂದ ಎಂಜಿನ್ನಿನವರ ಮೇಲೇ ಬರಬಹುದು. ಸುರಂಗದಲ್ಲಿ ಇದರ ಭಯ ಇನ್ನೂ ಜಾಸ್ತಿ. ಚಿಕ್ಕಪ್ಪನ ಎಡ ಮುಂಗೈ ಮೇಲೆ ಇವತ್ತಿಗೂ ರೋಮ ಇಲ್ಲದ ಒಂದು ಪಟ್ಟಿ ಇದೆ. ಅದರ ಕಥೆ ಅವರು ಹೇಳುವುದಿಲ್ಲ.

ಲೂಪ್ ಬಿಟ್ಟು ಹೊರಡುವಾಗ ಹಳಿ ಒದ್ದೆ ಇತ್ತು, ಚಕ್ರ ಜಾರಿತು. ಛುಕ್ ಛುಕ್ ಹೋಗಿ ಛುಕುಛುಕುಛುಕು ಅಂತ ಓಡಿತು. ಮುಂದೆ ಕೂತವರು ಮರಳು ಉದುರಿಸಿದರು, ಹಿಡಿತ ಸಿಕ್ಕಿತು. ಆ ಎರಡು ಕ್ಷಣದಲ್ಲಿ ಬೆಂಕಿಯನ್ನು ಎಷ್ಟು ಜೋರಾಗಿ ಎಳೆದಿರುತ್ತದೆ ಅಂದ್ರೆ ಕೆಂಡವೇ ಎದ್ದು ಟ್ಯೂಬಿನೊಳಗೆ ಹೋಗುತ್ತದೆ. ಚಿಮಣಿಯಿಂದ ಕಿಡಿ, ಕಪ್ಪು ಚೂರು. ಅದಾದ ಮೇಲೆ ಸ್ವಲ್ಪ ಹೊತ್ತು ಹೊಗೆ ತಿಳಿಯಾಯಿತು. ನೋಡೋಕೆ ಚೆನ್ನಾಗಿತ್ತು, ಆದರೆ ಅದು ಬೆಂಕಿಯಲ್ಲಿ ತೂತು ಬಿದ್ದಿರುವ ತಿಳಿ. ಫೈರ್‌ಮನ್ ಬೇಗಬೇಗ ಒಂದೆರಡು ಸಲಿಕೆ ಹಾಕಿ ಮುಚ್ಚಿದ್ದು ಮತ್ತೆ ಎರಡು ಉಸಿರು ಕಪ್ಪಾಗಿ ಕಾಣಿಸಿತು. ಇಷ್ಟು ಚಿಕ್ಕ ಎಂಜಿನ್ನಿನಲ್ಲಿ ಒಂದು ತಪ್ಪು ಮುಚ್ಚಿಹಾಕೋಕೆ ಜಾಗವೇ ಇಲ್ಲ, ತಕ್ಷಣ ಕಾಣುತ್ತದೆ. ಅದಕ್ಕೇ ನೋಡುವವರಿಗೆ ಇದು ದೊಡ್ಡ ಎಂಜಿನ್ನಿಗಿಂತ ಮಜಾ.

ಘೂಮ್ 2,258 ಮೀಟರ್ ಎತ್ತರ, ದೇಶದಲ್ಲೇ ಅತಿ ಎತ್ತರದ ರೈಲ್ವೆ ಸ್ಟೇಷನ್. ಮ್ಯೂಸಿಯಂ ಇದೆ, ಚಿಕ್ಕದು, ಒಂದು ಸುತ್ತು ಹಾಕಿ ಸಾಕು. ನಾವು ಉಳಿದ ಹೊತ್ತೆಲ್ಲ ಎಂಜಿನ್ ಪಕ್ಕ ನಿಂತೆವು. ಚಿಕ್ಕಪ್ಪ ತಮ್ಮ ಹರುಕು ಹಿಂದಿಯಲ್ಲಿ ಫೈರ್‌ಮನ್ ಜೊತೆ ಮಾತಿಗಿಳಿದರು. ಅವನಿಗೆ ಮೂವತ್ತು ದಾಟಿರಲಿಕ್ಕಿಲ್ಲ. ಇವರು ಕೈ ತೋರಿಸಿ ನಾನೂ ಫೈರ್‌ಮನ್ ಅಂದ ಕೂಡಲೇ ಬಾಗಿಲು ತೆಗೆದು ತೋರಿಸಿದ. ಒಳಗೆ ಬೆಂಕಿ ಹಳದಿ ಬಿಳುಪು, ಹಿಂದಿನ ಮೂಲೆಯಲ್ಲಿ ಮಾತ್ರ ಅಂಗೈ ಅಗಲದ ಕಪ್ಪು ಕೆಂಪು ಮಚ್ಚೆ. ಚಿಕ್ಕಪ್ಪ ಅದನ್ನೇ ಬೆರಳಿಟ್ಟು ತೋರಿಸಿ "ಕ್ಲಿಂಕರ್?" ಅಂದರು. ಅವನು ನಕ್ಕು ತಲೆಯಾಡಿಸಿದ, ಉದ್ದನೆ ಸಲಾಕೆ ಹಾಕಿ ಅದನ್ನು ಎಬ್ಬಿಸಿದ. ಬೂದಿ ಕರಗಿ ಗಟ್ಟಿಯಾಗಿ ಜಾಲರಿಗೆ ಅಂಟಿಕೊಂಡರೆ ಅದು ಕ್ಲಿಂಕರ್. ಅಲ್ಲಿ ಕೆಳಗಿನಿಂದ ಗಾಳಿ ಬರುವುದಿಲ್ಲ. ಎಷ್ಟೇ ಜಾಗ್ರತೆಯಿಂದ ಹಾಕಿದರೂ ಹೊಗೆ ತಿಳಿಯಾಗೋಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಘೂಮ್ ಹತ್ತಿರ ಬರುವಾಗ ಬೂದು ಬಣ್ಣ ಯಾಕೋ ಮೊದಲಿಗಿಂತ ನಿಧಾನವಾಗಿ ತೆಳುವಾಗುತ್ತಿತ್ತು. ಕಾರಣ ಆ ಮಚ್ಚೆ. ಹೊಗೆಯಲ್ಲಿ ಓದಿದ್ದನ್ನು ಹತ್ತೇ ನಿಮಿಷದಲ್ಲಿ ಬಾಗಿಲು ತೆಗೆದು ಸರಿಯೋ ತಪ್ಪೋ ನೋಡುವ ಅವಕಾಶ ಯಾವ ಮ್ಯೂಸಿಯಂನಲ್ಲೂ ಸಿಗುವುದಿಲ್ಲ. ನಮ್ಮ ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಎಂಜಿನ್‌ಗಳು ಚೆನ್ನಾಗಿವೆ, ಆದರೆ ಬೆಂಕಿ ಇಲ್ಲವಲ್ಲ.

ಬಣ್ಣ ನೋಡುವಾಗ ಒಂದು ಎಚ್ಚರಿಕೆ. ಮಂಜಿನ ಎದುರು ತೆಳು ಬೂದೂ ಕಪ್ಪಾಗಿ ಕಾಣುತ್ತದೆ, ಸೂರ್ಯ ಹೊಗೆಯ ಹಿಂದೆ ಇದ್ದರೂ ಅಷ್ಟೇ. ಮೊಬೈಲ್ ಕ್ಯಾಮೆರಾ ಇನ್ನೂ ಮೋಸ ಮಾಡುತ್ತದೆ. ಬೆಳಕು ನಿಮ್ಮ ಬೆನ್ನ ಹಿಂದಿರಲಿ. ಇದನ್ನೇ ಅಳೆಯೋಕೆ 19ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನ ಮ್ಯಾಕ್ಸಿಮಿಲಿಯನ್ ರಿಂಗಲ್‌ಮನ್ ಒಂದು ಚಾರ್ಟ್ ಮಾಡಿದ. ಬಿಳಿ ಹಾಳೆ ಮೇಲೆ ಕಪ್ಪು ಗೆರೆಗಳ ಚೌಕಳಿ, ಗೆರೆ ದಪ್ಪವಾದಂತೆ 20, 40, 60, 80 ಪರ್ಸೆಂಟ್ ಕಪ್ಪು. ದೂರ ಹಿಡಿದು ನೋಡಿದರೆ ಗೆರೆ ಕರಗಿ ಬೂದು ಬಣ್ಣ ಆಗುತ್ತದೆ, ಅದನ್ನು ಹೊಗೆಯ ಪಕ್ಕ ಹೋಲಿಸಿ ನಂಬರ್ ಕೊಡುವುದು. ಏರಿನಲ್ಲಿ ನಾವು ನೋಡಿದ ಒಳ್ಳೆಯ ಹೊಗೆ ಒಂದನೇ ನಂಬರಿನ ಆಚೀಚೆ ಇರಬಹುದು ಅಂತ ನನ್ನ ಅಂದಾಜು.

ವಾಪಸ್ ದಾರಿ ಇಳಿಜಾರು, ಎಂಜಿನ್ನಿಗೆ ಕೆಲಸ ಇಲ್ಲ, ಚಿಮಣಿಯಿಂದ ಬಿಸಿಗಾಳಿ ನಡುಗುವುದು ಬಿಟ್ಟರೆ ಏನೂ ಕಾಣುವುದಿಲ್ಲ. ಅರ್ಧ ಬೋಗಿ ನಿದ್ದೆ ಹೊಡೆಯುತ್ತಿತ್ತು. ಒಂದು ಅಂಕ ಕಳೆದಿದ್ದು ಇದಕ್ಕೇ. ಏರು ಇನ್ನಷ್ಟು ಉದ್ದ ಇರಬೇಕಿತ್ತು.

ಇಷ್ಟು ದೂರ ಯಾಕೆ, ಊಟಿ ಇಲ್ವಾ ಅಂತ ಕೇಳುವವರಿಗೆ: ಇದೆ, ಹೋಗಿ, ಅದೂ ಅದ್ಭುತ. ಆದರೆ ಮೈಸೂರಿನಿಂದ ಊಟಿಗೆ ಹೋಗಿ ಅಲ್ಲಿಂದ ಕೂನೂರಿಗೆ ರೈಲು ಹತ್ತಿದರೆ ಸಾಮಾನ್ಯವಾಗಿ ಸಿಗುವುದು ಡೀಸೆಲ್ ಎಂಜಿನ್. ಹಬೆ ಎಂಜಿನ್ ಬೇಕೆಂದರೆ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಏರಬೇಕು. ಹಲ್ಲಿನ ಹಳಿ, 12 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವಷ್ಟು ಕಡಿದಾದ ಏರು, ಎಂಜಿನ್ ಹಿಂದಿನಿಂದ ತಳ್ಳುತ್ತದೆ. ಅಲ್ಲಿ ಈಗ ಹೆಚ್ಚಿನವು ಎಣ್ಣೆ ಉರಿಸುವ ಎಂಜಿನ್. ಎಣ್ಣೆಯಲ್ಲಿ ಲೆಕ್ಕ ಬೇರೆ. ಎಣ್ಣೆ ಜಾಸ್ತಿ ಗಾಳಿ ಕಮ್ಮಿ ಆದರೆ ಕಪ್ಪು, ಅದು ಇಲ್ಲಿಯಂತೆಯೇ. ಆದರೆ ಕರಗದೆ ಉಳಿಯುವ ಎಣ್ಣೆ ವಾಸನೆಯ ಬಿಳಿ ಹೊಗೆ ಬಂದರೆ ಎಣ್ಣೆ ಹೊತ್ತಿಕೊಳ್ಳದೆ ಆವಿಯಾಗಿ ಹೋಗುತ್ತಿದೆ ಅಂತ ಅರ್ಥ, ಅದು ಕಪ್ಪಿಗಿಂತ ಅಪಾಯ. ಕವಾಟ ತಿರುಗಿಸಿದರೆ ಬಣ್ಣ ಥಟ್ಟನೆ ಬದಲಾಗುತ್ತದೆ, ಸಲಿಕೆಯ ತಾಳ ಇಲ್ಲ. ಹೊಗೆ ಓದೋಕೆ ಬರುವವರಿಗೆ ಡಾರ್ಜಿಲಿಂಗ್ ಮೇಲು, ಕಾಡು ಕಣಿವೆ ನೋಡೋಕೆ ನೀಲಗಿರಿ.

ಸೀಟು ಎಂಜಿನ್ನಿಗೆ ಹತ್ತಿರದ ಬೋಗಿಯಲ್ಲಿ, ಕಿಟಕಿ ಪಕ್ಕ ಸಿಕ್ಕರೆ ಒಳ್ಳೆಯದು. ಬಿಳಿ ಬಟ್ಟೆ ಬೇಡ. ಕನ್ನಡಕ ಹಾಕದವರು ಸಾದಾ ಗಾಜಿನದ್ದಾದರೂ ಒಂದು ಇಟ್ಟುಕೊಳ್ಳಿ, ಕಣ್ಣಿಗೆ ಮಸಿ ಬೀಳುವುದು ಗ್ಯಾರಂಟಿ, ಉಜ್ಜಬೇಡಿ, ನೀರಲ್ಲಿ ತೊಳೆಯಿರಿ. ಉಬ್ಬಸ ಇರುವವರು, ತೀರಾ ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರು ಡೀಸೆಲ್ ರೈಡೇ ತಗೊಳ್ಳಿ, ಬೇಜಾರು ಮಾಡಿಕೊಳ್ಳಬೇಡಿ. ಉಳಿದವರು ಚಳಿಗಾಲದಲ್ಲಿ ಬೆಳಗಿನ ಮೊದಲ ಹಬೆ ರೈಡ್ ನೋಡಿ ಬುಕ್ ಮಾಡಿ. ಆಕಾಶ ತಿಳಿಯಾಗಿರುತ್ತದೆ, ಹೊಗೆಯ ಬಣ್ಣ ಇದ್ದ ಹಾಗೆ ಕಾಣುತ್ತದೆ.